ಮುಯ್ಯಿಗೆ ಬಂದ ಆರು ಜನ

“ಈ ರೇಷ್ಮೆಗೂಡಿನ ಲಾಟನ್ನ ಮರೆಯೋದಾ ಮೇಡಂ?” ಎಂದಳು ವಜೀರಾ, ಚೀಟಿಯನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು. “ನೂಲು ತೆಗೆಯೋ ಹೊಸ ಬೇಸಿನ್ ಹಾಕಿಸಿದ ದಿನ ನಾನು ಮೊದಲು ಬೇಯಿಸಿದ್ದು ಇದೇ ಗೂಡು. ಬೆಳಗ್ಗೆಯಿಂದ ಸಂಜೆವರೆಗೆ ಎಳೆ ಒಂದು ಸಲಾನೂ ಕಡೀಲಿಲ್ಲ.”

“ಒಳಗೇ ಹುಳ ಸತ್ತು ಕರಗಿದ್ದು, ಕಪ್ಪಾಗಿದ್ದು ಏನೂ ಇರಲಿಲ್ವಾ?” ಎಂದು ಕೇಳಿದಳು ಲತಾಮಣಿ.

“ಒಂದೂ ಇಲ್ಲ. ಆ ವರ್ಷ ಅಂಥ ಗೂಡು ನನ್ನ ಕೈಗೆ ಮತ್ತೆ ಬರಲಿಲ್ಲ.”

ಚೀಟಿ ರಾಮನಗರದ ಗೂಡಿನ ಮಾರುಕಟ್ಟೆಯದು. ಮಾರಿದವನು ಕೆಂಚಯ್ಯ, ಊರು ಜೊಂಡಿನಕೆರೆ. ಕೊಂಡವಳು ವಜೀರಾ. ತಾರೀಖು ಎರಡು ವರ್ಷದ ಹಿಂದಿನ ಫೆಬ್ರವರಿ ಇಪ್ಪತ್ತೇಳು. ಅದೇ ಕೆಂಚಯ್ಯನ ಮೇಲೆ ಮೊನ್ನೆ ಗುರುವಾರ ಅಪರಾಧ ಸಾಬೀತಾಗಿತ್ತು. ತನ್ನ ಹೊಲದ ಗೇಟು ತೆಗೆದು, ಟ್ಯಾಂಕರ್ ಒಳಗೆ ಬಿಟ್ಟುಕೊಂಡು, ಊರ ಕೆರೆಯ ಜೌಗಿಗೆ ಕಾರ್ಖಾನೆಯ ಕೊಳಕು ಸುರಿಸಿದ ಎಂದು. ಸೋಮವಾರ ಹನ್ನೊಂದು ಗಂಟೆಗೆ ನ್ಯಾಯಾಧೀಶರು ಶಿಕ್ಷೆ ಹೇಳುವವರಿದ್ದರು. ಇವತ್ತು ಶನಿವಾರ.

ಆ ಕೇಸಿನ ಚಾರ್ಜ್‌ಶೀಟ್ ಬರೆದವಳು ಸಬ್ ಇನ್‌ಸ್ಪೆಕ್ಟರ್ ಲತಾಮಣಿ. ಕೆಂಚಯ್ಯನನ್ನು ಹಿಡಿದ ದಿನ ಅವನ ಅಂಗಿ ಜೇಬಿನಿಂದ ಈ ಚೀಟಿಯನ್ನು ತೆಗೆದವಳೂ ಅವಳೇ. ಮಹಜರಿನಲ್ಲಿ ‘ಒಂದು ಹಳೇ ಚೀಟಿ’ ಎಂದು ಬರೆದು ಕವರಿಗೆ ಹಾಕಿಟ್ಟಿದ್ದಳು. ಎರಡು ವರ್ಷ ಅದು ಫೈಲಿನೊಳಗೆ ಮಲಗಿತ್ತು. ಗುರುವಾರ ಸಂಜೆ, ಕೇಸು ಗೆದ್ದ ಮೇಲೆ, ಫೈಲು ಕಟ್ಟಿಡುವಾಗ ಅವಳು ಅದನ್ನು ಮೊದಲ ಸಲ ಓದಿದಳು. ಓದಿದವಳು ಅವತ್ತು ಊಟ ಮಾಡಲಿಲ್ಲ.

ವಜೀರಾ ಬಿಸಿ ನೀರಿನಿಂದ ಗೂಡುಗಳ ಎಳೆ ಹುಡುಕಿ ಎತ್ತುತ್ತಲೇ ಮಾತಾಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗಾಗಿದ್ದವು.

“ಇನ್ನೊಂದು ನೆನಪಿದೆ ಮೇಡಂ. ಆ ಕೆಂಚಯ್ಯ ವರ್ಷಾನುಗಟ್ಟಲೆ ಗೂಡು ತಗೊಂಡು ಒಬ್ಬನೇ ಬರ್ತಿದ್ದ. ಹರಾಜು ಮುಗಿಯೋವರೆಗೂ ಮೂಲೇಲಿ ನಿಂತಿರ್ತಿದ್ದ, ಟೀ ಕುಡಿಯೋಕೂ ಯಾರೂ ಕರೀತಿರಲಿಲ್ಲ. ಆ ದಿನ ಮಾತ್ರ ಅವನ ಜೊತೆ ಊರಿನೋರು ಆರು ಜನ. ಅವನ ಮೂಟೆ ಅವರು ಹೊತ್ತಿದ್ರು. ಏನು ಮದುವೇನಾ ಅಂತ ತಮಾಷೆ ಮಾಡಿದೆ. ಅವನು ನಕ್ಕ. ಅವನು ನಕ್ಕಿದ್ದು ನೋಡಿದ್ದು ಅದೇ ಮೊದಲು.”

ಲತಾಮಣಿ ಹೊರಗೆ ಬಂದು ಬೈಕಿನ ಮೇಲೆ ಕೂತು ಬೆರಳು ಮಡಿಸತೊಡಗಿದಳು. ಕನಕಪುರದ ಕಡೆಯ ಹಳ್ಳಿಯಲ್ಲಿ ಅವಳ ಅವ್ವ ಎಣಿಸುತ್ತಿದ್ದದ್ದು ಹೀಗೆಯೇ, ಹಿಂದಿನಿಂದ ಮುಂದಕ್ಕೆ. ಇಪ್ಪತ್ತೇಳಕ್ಕೆ ಮಾರುಕಟ್ಟೆ. ಹಿಂದಿನ ದಿನ ಗೂಡು ಬಿಡಿಸಬೇಕು. ಅದಕ್ಕೆ ಮುಂಚೆ ಐದು ದಿನ ಹುಳು ಚಂದ್ರಿಕೆಯೆಂಬ ಬಿದಿರು ತಟ್ಟಿಯ ಮೇಲೆ ಗೂಡು ಕಟ್ಟುತ್ತದೆ. ಅಲ್ಲಿಗೆ ಇಪ್ಪತ್ತೊಂದು. ಅದರ ಹಿಂದಿನ ಏಳು ದಿನ ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವಿನ ದಿನಗಳು.

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಈ ಸೀಮೆಯಲ್ಲಿ ಅದನ್ನು ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಸಾಕಿದವನಿಗೆ ಊಟ ನಿದ್ದೆ ಎರಡೂ ಇಲ್ಲ. ಆ ವಾರ ಸಾಕಣೆದಾರ ಬೀಡಿ ಹಚ್ಚುವುದಿಲ್ಲ, ಸಾಬೂನು ಹಾಕಿ ಸ್ನಾನ ಮಾಡುವುದಿಲ್ಲ. ಘಾಟು ವಾಸನೆ ಒಂದು ಸಲ ಒಳಗೆ ಹೊಕ್ಕರೆ ಹುಳು ವಾಂತಿ ಮಾಡಿ ಸಾಯುತ್ತದೆ, ಇಡೀ ಬೆಳೆ ಹೋಗುತ್ತದೆ.

ಟ್ಯಾಂಕರ್ ಬಂದದ್ದು ಫೆಬ್ರವರಿ ಹದಿನೇಳು, ಮಧ್ಯಾಹ್ನ ಮೂರು ಗಂಟೆಗೆ. ಆ ಹಸಿವಿನ ವಾರದ ನಟ್ಟನಡುವೆ.

ಅವತ್ತು ಟ್ಯಾಂಕರ್ ಪಕ್ಕದಲ್ಲಿ ನಿಂತವನು ತಿರುಗಿ ಹುಳುಮನೆಗೆ ಹೋಗಿದ್ದರೆ ವಜೀರಾಳ ಬೇಸಿನ್ನಿಗೆ ಒಂದು ಗೂಡೂ ಬರುತ್ತಿರಲಿಲ್ಲ. ಗೇಟು ತೆಗೆದವನು ಕೆಂಚಯ್ಯನಲ್ಲ. ಇದನ್ನು ಬೆಂಗಳೂರಿನ ಸಾಹೇಬರು ತಿಳಿಯದಿದ್ದರೆ ಕ್ಷಮಿಸಬಹುದು. ಹುಳುಮನೆಯಲ್ಲೇ ಹುಟ್ಟಿ, ಸೊಪ್ಪಿನ ಹೊರೆ ಹೊತ್ತು ಬೆಳೆದ ಲತಾಮಣಿಗೆ ಎರಡು ವರ್ಷ ಹೊಳೆಯಲಿಲ್ಲ. ಕೇಸು ಕೆರೆಯದು, ಕೊಳಕಿನದು ಎಂದುಕೊಂಡು ಅವಳು ರೇಷ್ಮೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಅವ್ವ ಬದುಕಿದ್ದರೆ ಚೆನ್ನಾಗಿ ಬೈಯುತ್ತಿದ್ದಳು. ಬೈಯಲಿಕ್ಕಾದರೂ ಒಬ್ಬರು ಇರಬೇಕಿತ್ತು ಎಂದು ಅವಳಿಗೆ ಅನ್ನಿಸಿತು.

ಶುಕ್ರವಾರ ಸರ್ಕಾರಿ ವಕೀಲರಿಗೆ ಚೀಟಿ ತೋರಿಸಿದ್ದಳು. ಅವರು ಕುರ್ಚಿಯಿಂದ ಏಳದೆಯೇ, “ಅವನೇ ಕೋರ್ಟಲ್ಲಿ ನಿಂತು ಗೇಟು ತೆಗೆದಿದ್ದು ನಾನೇ ಅಂದಿದ್ದಾನೆ. ಒಪ್ಪಿಕೊಂಡವನನ್ನ ಬಿಡಿಸೋಕೆ ನೀವ್ಯಾಕಮ್ಮ ಹೊರಟಿದ್ದೀರಿ? ಹುಳದ ಕಥೆ ಸಾಲದು. ಆ ಊರಲ್ಲಿ ಒಬ್ಬರಾದರೂ ಬಾಯಿ ಬಿಡಲಿ, ಆಮೇಲೆ ನೋಡೋಣ,” ಅಂದಿದ್ದರು.

ಒಬ್ಬರು. ಸೋಮವಾರದೊಳಗೆ.

*

ಶನಿವಾರವಾದ್ದರಿಂದ ಕೆಂಗಲ್ಲಿನಲ್ಲಿ ಆಂಜನೇಯನ ಗುಡಿಯ ಮುಂದೆ ಕಾರು, ಆಟೋ, ಟೆಂಪೋ ಒಂದರ ಹಿಂದೆ ಒಂದು ನಿಂತಿದ್ದವು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸರು, ಪ್ರಸಾದದ ದೊನ್ನೆ ಹಿಡಿದು ಮಾತಾಡಿ ಮುಗಿಯದ ಹೆಂಗಸರು. ಲತಾಮಣಿ ಬೈಕಿನ ವೇಗ ಕಡಿಮೆ ಮಾಡಿದಳು, ಕೈ ಮುಗಿದಂತೆ ಮಾಡಿದಳು, ಇಳಿಯಲಿಲ್ಲ. ಒಬ್ಬಳೇ ಇಳಿದು ಒಬ್ಬಳೇ ಪ್ರದಕ್ಷಿಣೆ ಹಾಕಿ ಒಬ್ಬಳೇ ದೊನ್ನೆ ಮುಗಿಸುವುದು ಅವಳಿಗೆ ಯಾಕೋ ಈಚೆಗೆ ಆಗದ ಕೆಲಸವಾಗಿತ್ತು.

ನಲವತ್ತನಾಲ್ಕು ವರ್ಷ. ಪೊಲೀಸ್ ವಸತಿಗೃಹದ ಮೇಲಿನ ಮನೆ. ಅವಳ ಕುಕ್ಕರು ಎರಡು ಸೀಟಿಗಿಂತ ಹೆಚ್ಚು ಕೂಗಿದ್ದಿಲ್ಲ, ಒಬ್ಬರ ಅನ್ನಕ್ಕೆ ಅಷ್ಟೇ ಸಾಕು. ಈ ಕೇಸು ಹಿಡಿದ ಮೇಲೆ ಪರಿಚಯದವರೂ ದೂರವಾಗಿದ್ದರು. ಜಮೀನು ಇದ್ದವರನ್ನು ಕೋರ್ಟಿಗೆ ಎಳೆದವಳ ಪಕ್ಕ ಕೂತು ಉಂಡರೆ ನಾಳೆ ತಮ್ಮ ಹೊಲದ ಅಂಚಿಗೂ ಬಂದಾಳು ಎಂಬ ಭಯ. ಹೋದ ತಿಂಗಳು ಚನ್ನಪಟ್ಟಣದ ಒಂದು ಮದುವೆಯಲ್ಲಿ ಅವಳ ಎರಡೂ ಪಕ್ಕದ ಕುರ್ಚಿ ಖಾಲಿ ಇದ್ದವು. ಬಡಿಸುವವನು ಆ ಎರಡು ಎಲೆಗಳಿಗೂ ಬಡಿಸಿ ಹೋಗಿದ್ದ.

ಜೊಂಡಿನಕೆರೆಯ ಏರಿ ಹತ್ತುವ ಮೊದಲೇ ಬಲಕ್ಕೆ ಕೆಂಚಯ್ಯನ ಮನೆಯ ದಾರಿ. ಅವಳು ಕೆರೆಯ ಕಡೆ ಹೋಗಲಿಲ್ಲ. ಹೋಗದೆಯೂ ಅದು ಹೇಗಿದೆಯೆಂದು ಗೊತ್ತಿತ್ತು. ಮೊದಲು ಆಳೆತ್ತರದ ಜೊಂಡು, ಅದರೊಳಗೆ ನೀರುಕೋಳಿಗಳ ಗೂಡು. ಈಗ ಕಪ್ಪು ಕೆಸರು, ಅದರ ಮೇಲೆ ಸುಟ್ಟ ಹಾಗೆ ಕಾಣುವ ಕಡ್ಡಿಗಳು. ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದ ಆ ಬೆಳಗ್ಗೆ ಅವಳೇ ಬಂದು ಫೋಟೋ ತೆಗೆಸಿದ್ದಳು.

ಕೆಂಚಯ್ಯ ಹುಳುಮನೆಯ ಬಾಗಿಲಲ್ಲೇ ಸಿಕ್ಕಿದ. ಐವತ್ತೆಂಟರ ಗಟ್ಟಿ ಆಳು. ಜಾಮೀನಿನ ಮೇಲಿದ್ದ. ವಕೀಲರನ್ನು ಕಾಣಲು ಬೆಳಗ್ಗೆಯೇ ರಾಮನಗರಕ್ಕೆ ಹೋಗಿದ್ದವನು ಈಗಷ್ಟೇ ಬಂದು, ಹೊಸಿಲ ಮುಂದಿನ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದುತ್ತಿದ್ದ.

“ಬನ್ನಿ ಮೇಡಂನೋರೆ. ಇವತ್ತೇ ಕರ್ಕಂಡ್ ಹೋಯ್ತೀರಾ?”

“ಇಲ್ಲ ಕೆಂಚಯ್ಯ. ಹುಳ ನೋಡೋಣ ಅಂತ ಬಂದೆ. ಎಷ್ಟನೇ ಜ್ವರ?”

ಅವನ ಮುಖ ಅರಳಿತು. “ನಾಕನೇದು ಎದ್ದು ಇವತ್ಗೆ ಮೂರ್ ದಿನ. ನಿಮ್ಗೂ ಹುಳದ್ ಬಾಷೆ ಬತ್ತದಾ?”

“ನಮ್ಮನೇಲೂ ಇತ್ತು. ಒಳಗೆ ಬರ್ಲಾ?”

ಅವನು ಬಾಗಿಲಿಗೆ ಅಡ್ಡ ನಿಂತ. ಬೇಕೆಂದಲ್ಲ, ಕಾಲು ತಾನಾಗಿ ಹಾಗೆ ಹೋಯಿತು.

“ಕ್ಯಾರೆ ಕಡಿಂದ ಬಂದ್ರಾ?”

“ಇಲ್ಲ, ಕೆರೆ ಕಡೆಗೆ ಹೋಗಿಲ್ಲ, ಕೆಂಗಲ್ ಕಡೆಯಿಂದ.”

“ಹಂಗಾದ್ರೆ ಕಾಲು ಅದ್ಕಂಡು ಬನ್ನಿ. ಕ್ಯಾರೆ ಕಡಿಂದ ಬಂದೋರ್ನ ನಾನು ಒಳೀಕೆ ಬುಡಾಕಿಲ್ಲ. ಆ ವಾಸ್ನೆ ಹುಳಕ್ಕೆ ಆಗಾಕಿಲ್ಲ.”

ಲತಾಮಣಿ ಬೂಟು ಬಿಚ್ಚಿದಳು, ಕಾಲು ಅದ್ದಿದಳು, ಆದರೆ ಹೊಸಿಲು ದಾಟಲಿಲ್ಲ.

“ಎಲ್ರನ್ನೂ ಹಿಂಗೇ ಕೇಳ್ತೀಯಾ?”

“ನಮ್ಮಪ್ಪ ಎದ್ ಬಂದ್ರೂ ಕೇಳ್ತೀನಿ.”

“ಹಂಗಾದ್ರೆ ಆವತ್ತು ನಿನ್ನನ್ನ ಯಾರು ಕೇಳಿದ್ರು?”

ಕೆಂಚಯ್ಯನಿಗೆ ಅರ್ಥವಾಗಲಿಲ್ಲ. ಅವಳು ಚೀಟಿ ತೆಗೆದು ಅವನ ಮುಂದೆ ಹಿಡಿದಳು.

“ಫೆಬ್ರವರಿ ಇಪ್ಪತ್ತೇಳು. ಹಿಂದಕ್ಕೆ ಎಣಿಸ್ಕೊ. ಹದಿನೇಳಕ್ಕೆ ನಿನ್ನ ಹುಳ ಇವತ್ತಿನ ಹಂಗೇ ಇತ್ತು, ನಾಕನೇ ಜ್ವರ ಎದ್ದು ಮೂರು ದಿನ. ಮೂರು ಗಂಟೆಗೆ ಗೇಟು ತೆಗೆದು, ಟ್ಯಾಂಕರ್ ಪಕ್ಕ ಅರ್ಧ ಗಂಟೆ ನಿಂತೆ ಅಂತ ಕೋರ್ಟಲ್ಲಿ ಹೇಳಿದೀಯ. ಆಮೇಲೆ ಸಂಜೆ ಸೊಪ್ಪು ಹಾಕಿದ್ದು ಯಾರು? ನೀನು ಹಾಕಿದ್ರೆ ಆ ಗೂಡು ಹಂಗೆ ಬರ್ತಿರಲಿಲ್ಲ. ನೀನು ಹಾಕಿಲ್ಲ ಅನ್ನು, ನಾನು ವಾಪಸ್ ಹೋಗ್ತೀನಿ.”

ಸೊಪ್ಪು ಹಾಕಿಲ್ಲ ಎಂದು ಸುಳ್ಳು ಹೇಳುವುದು ಸುಲಭವಿತ್ತು. ಕೆಂಚಯ್ಯ ಬಾಯಿ ತೆರೆದ. ಜೌಗಿಗೆ ವಿಷ ಬಿಟ್ಟೆ ಎಂದು ನ್ಯಾಯಾಧೀಶರ ಮುಂದೆ ತಡವರಿಸದೆ ಹೇಳಿದ ಮನುಷ್ಯನಿಗೆ, ಹುಳುವನ್ನು ಒಂದು ಹೊತ್ತು ಉಪವಾಸ ಕೆಡವಿದೆ ಎಂದು ಹೇಳಲು ನಾಲಿಗೆ ಬರಲಿಲ್ಲ.

“ನಾನೇ ಹಾಕ್ದೆ,” ಎಂದ. ಹೇಳಿದ ಮೇಲೆ ಜಗಲಿಯ ಮೇಲೆ ಕೂತ.

ಅವಳು ಅವನ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಕೂತಳು.

“ಗೇಟು ಯಾರು ತೆಗೆದಿದ್ದು?”

“ನಂಗೊತ್ತಿಲ್ಲ. ಬೀಗದ್ ಕೈ ಈ ಮೊಳೇಲೇ ನೇತಾಡ್ತಿತ್ತು. ಯಾರ್ ಬೇಕಾದ್ರೂ ತಕ್ಕಬೋದಿತ್ತು. ನಾನು ಕೇಳ್ನಿಲ್ಲ, ಊರೋರೂ ಹೇಳ್ನಿಲ್ಲ.”

“ಯಾಕೆ ಸುರಿಸಿದ್ರು?”

“ಜೌಗು ಮುಚ್ಕಂಡ್ರೆ ಗಟ್ಟಿ ನೆಲ ಆಯ್ತದೆ. ಅಂಚಿನೋರ ಹೊಲ ಎಲ್ಲಾ ಒಸಿ ಒಸಿ ಉದ್ದ ಆಯ್ತವೆ. ಬೆಂಗ್ಳೂರು ಇತ್ಲಾಗೇ ಬತ್ತಾ ಐತಲ್ಲ. ಗಾಡಿ ದಾರಿ ಇರೋದು ನನ್ ಹೊಲದಾಗೆ ಒಂದೇ. ನಾನೂ ಕಂಡೂ ಕಾಣ್ದಂಗಿದ್ದೆ ಮೇಡಂ. ಅಷ್ಟು ತಪ್ಪು ನಂದೂ ಐತೆ.”

“ಅಷ್ಟು ತಪ್ಪಿಗೆ ಎರಡು ಮೂರು ವರ್ಷ ಜೈಲಿಗೆ ಹೋಗ್ತೀಯಾ?”

ಅವನು ಹೆಗಲ ಟವೆಲ್ ತೆಗೆದು ತೊಡೆಯ ಮೇಲೆ ಮಡಿಸಿಟ್ಟುಕೊಂಡ. ನಿಧಾನವಾಗಿ ಹೇಳತೊಡಗಿದ.

ಈ ಸೀಮೆಯಲ್ಲಿ ಮುಯ್ಯಿ ಎಂದು ಒಂದು ಕ್ರಮವಿದೆ. ಹುಳು ಹಸಿದಾಗ, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಒಂದು ಮನೆಯ ಕೈ ಸಾಲುವುದಿಲ್ಲ. ನೀವು ನಮ್ಮ ಮನೆಗೆ ಬಂದು ದುಡಿಯಿರಿ, ನಿಮ್ಮ ಬೆಳೆಗೆ ನಾವು ಬಂದು ದುಡಿಯುತ್ತೇವೆ. ಕೂಲಿಯ ಮಾತಿಲ್ಲ, ಆದರೆ ಬಂದವರಿಗೆ ಊಟ ಹಾಕಲೇಬೇಕು. ಕೆಂಚಯ್ಯನ ಹೆಂಡತಿ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನು ಎಲ್ಲರ ಮನೆಗೂ ಮುಯ್ಯಿಗೆ ಹೋಗುತ್ತಿದ್ದ. ಅವರೂ ಬರುತ್ತಿದ್ದರು, ಸೊಪ್ಪು ಹಾಕುತ್ತಿದ್ದರು, ಹೆಂಗಸಿಲ್ಲದ ಮನೆಯಲ್ಲಿ ಊಟವೇನು ಎಂದು ಕೈ ತೊಳೆದು ಹೊರಟುಬಿಡುತ್ತಿದ್ದರು. ಅವನು ಬೇಯಿಸಿಟ್ಟ ಸಾರು ಹಾಗೇ ಉಳಿಯುತ್ತಿತ್ತು.

“ಮೀನು ಸತ್ತು ತೇಲ್ದಾಗ ಪೋಲೀಸ್ ಬತ್ತದೆ ಅಂತ ಗೊತ್ತಾಯ್ತು. ಅವತ್ತು ಆರೂ ಜನ ನಮ್ಮನೇಗ್ ಬಂದ್ರು. ಬಾಲರಾಜು, ನೀರುಗಂಟಿ ಮುನಿಶಾಮಯ್ಯ, ಯಲ್ಲಮ್ಮ, ಇನ್ನೂ ಮೂರ್ ಜನ. ಯಲ್ಲಮ್ಮ ಮುದ್ದೆ ತಿರುವಿದ್ಲು. ಎಲ್ಲಾ ಕುಂತು ಉಂಡ್ರು ಮೇಡಂ. ನಮ್ಮನೇಲಿ.”

“ಉಂಡು ಏನಂದ್ರು?”

“ಗೇಟು ನಿಂದು, ಹೆಂಗಿದ್ರೂ ಮೊದ್ಲು ನಿನ್ ಹೆಸ್ರೇ ಬತ್ತದೆ ಅಂದ್ರು. ಬಾಲರಾಜು ಮಗಳ ಮದ್ವೆ ಇಟ್ಕಂಡಿದ್ದ. ಮುನಿಶಾಮಯ್ಯನ ಎಂಡ್ರಿಗೆ ವಾರಕ್ಕೆರಡ್ ದಪ ಡಯಾಲಿಸಿಸ್ಸು. ಒಬ್ಬೊಬ್ರ ಮನೇಲೂ ಅಳೋರು ಅವ್ರೆ. ನಾನು ಹೋದ್ರೆ ಯಾರ್ ಅಳ್ತಾರೆ, ಹುಳ ಅಳ್ತದಾ? ನಾನು ಅವರಿಗೋಸ್ಕರ ಒಳೀಕೆ ಹೋಗೋದು. ನಾನು ಬರೋಗಂಟ ಅವರು ನನ್ ತೋಟ ನೋಡ್ಕಳದು, ನನ್ ಹುಳ ಮೇಯಿಸೋದು. ಇನ್ಮುಂದೆ ಕ್ಯಾರೆಗೆ ಯಾರೂ ಏನೂ ಸುರಿಬಾರ್ದು. ಮುಯ್ಯಿಗೆ ಮುಯ್ಯಿ.”

ಕೂಲಿಯಿಲ್ಲದ ದುಡಿಮೆಯನ್ನು ಹಂಚಿಕೊಂಡಂತೆ ಈ ಊರು ಜೈಲನ್ನೂ ಹಂಚಿಕೊಂಡಿತ್ತು. ಪಾಲು ಮಾತ್ರ ಒಬ್ಬನಿಗೇ ಬಂದಿತ್ತು. ಕೆರೆಯ ತೂಬು ಕಾಯುವ ನೀರುಗಂಟಿ ಮುನಿಶಾಮಯ್ಯ ಏರಿ ಮೇಲೆ ನಿಂತು ಕೆಂಚಯ್ಯನನ್ನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಿದ್ದನ್ನು ಇವಳು ಅಕ್ಷರಶಃ ನಂಬಿದ್ದಳು.

“ಎರಡು ವರ್ಷದಿಂದ ವಾರಕ್ಕೆ ಒಬ್ರಾದ್ರೂ ನಮ್ಮನೇಗೆ ಬಂದು ಉಣ್ತಾರೆ,” ಎಂದ ಕೆಂಚಯ್ಯ. “ಹಬ್ಬಕ್ಕೆ ಕರೀತಾರೆ. ಕೆಂಚಣ್ಣ ಅಂತಾರೆ. ನೀವು ಸೋಮ್ವಾರ ಇದ ಹೇಳುದ್ರೆ ನಾನು ಮನೇಲ್ ಉಳ್ಕತೀನಿ. ಮನೆ ಒಳೀಕೆ ಆಮೇಲ್ ಯಾರೂ ಬರಾಕಿಲ್ಲ.”

ಅವನ ಮಾತು ಅವಳಿಗೆ ಸರಿಯಾಗಿ ನಾಟಿತು. ಖಾಲಿ ಕುರ್ಚಿಗೆ ಬಡಿಸಿದ ಎರಡು ಎಲೆ ನೆನಪಾದವು. ಎದ್ದು ನಿಂತು, “ಬಾ, ಹುಳ ತೋರ್ಸು,” ಎಂದಳು.

*

ಹುಳುಮನೆಯ ಒಳಗೆ ನೈಲಾನ್ ಪರದೆಯಿಂದ ಬೆಳಕು ತೆಳ್ಳಗೆ ಬೀಳುತ್ತಿತ್ತು. ಉದ್ದಕ್ಕೂ ಅಟ್ಟಣೆಗಳು, ಅವುಗಳ ಮೇಲೆ ಹಿಪ್ಪುನೇರಳೆ ಸೊಪ್ಪು. ಮೊದಲ ಅಟ್ಟಣೆಯಿಂದ ಹುಳು ಮೇಯುವ ಸದ್ದು ಬರುತ್ತಿತ್ತು. ಲತಾಮಣಿ ಆ ಸದ್ದು ಕೇಳಿ ಇಪ್ಪತ್ತು ವರ್ಷವಾಗಿತ್ತು. ಕಣ್ಣು ಮುಚ್ಚಿದರೆ ಅವ್ವ ಪಕ್ಕದಲ್ಲೇ ಇದ್ದಾಳೆ ಅನ್ನಿಸಿತು.

ಎರಡನೇ ಅಟ್ಟಣೆಯ ಹತ್ತಿರ ಸದ್ದು ನಿಂತಿತ್ತು.

ಕೆಂಚಯ್ಯ ಬಗ್ಗಿದ. ಸೊಪ್ಪು ಬೆಳಗ್ಗೆ ಹಾಕಿದ್ದು ಹಾಗೇ ಬಿದ್ದಿತ್ತು. ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿ ಪಕ್ಕಕ್ಕೆ ಹೊರಳಿದ್ದವು. ಮೂರನೆಯದೂ ಹಾಗೇ. ನಾಲ್ಕನೆಯದೂ.

“ಬೆಳಿಗ್ಗೆ ಸೊಪ್ಪು ಹಾಕಿದ್ದು ಯಾರು?” ಎಂದಳು ಲತಾಮಣಿ.

“ಅವರೇ. ನಾನು ವಕೀಲ್ರ ತಾವ್ ಹೋಗಿದ್ನಲ್ಲ. ಮುಂದೆ ಅವರೇ ನೋಡ್ಕಬೇಕಲ್ಲ, ಕೈ ಪಳಗ್ಲಿ ಅಂತ…” ಅವನು ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡ. ಅದು ಅಲ್ಲಾಡಲಿಲ್ಲ. “ಕ್ಯಾರೆ ಕಡಿಂದ ಬಂದೋರು ಒಳೀಕೆ ಬಂದವ್ರೆ.”

“ಎರಡು ವರ್ಷದ ಹಳೇ ಕೊಳಕಿಗೆ ಕೈಗಂಟುವಷ್ಟು ಘಾಟು ಎಲ್ಲಿಂದ ಬರ್ತದೆ ಕೆಂಚಯ್ಯ?”

ಇಬ್ಬರಿಗೂ ತಿಳಿದಿತ್ತು. ಹಳೆಯದಲ್ಲ. ಕೊಟ್ಟ ಮಾತು ಮುರಿದಿತ್ತು, ಟ್ಯಾಂಕರ್ ಮತ್ತೆ ಬರುತ್ತಿತ್ತು. ಅವನು ಯಾವುದಕ್ಕಾಗಿ ಸೋಮವಾರ ಕಟಕಟೆಯಲ್ಲಿ ನಿಲ್ಲುವವನಿದ್ದನೋ ಅದು ಅವನು ಹೋಗುವ ಮೊದಲೇ ಮುಗಿದುಹೋಗಿತ್ತು.

ಹೊರಗೆ ಮಾತಿನ ಸದ್ದು ಕೇಳಿಸಿತು. ಸಂಜೆಯ ಸೊಪ್ಪಿಗೆ ಆರು ಜನ ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದರು. ಮುಂದೆ ಬಾಲರಾಜು, ಕೊನೆಗೆ ಯಲ್ಲಮ್ಮ.

“ಕೆಂಚಣ್ಣ, ಬಂದ್ಯಾ? ಏನಂದ್ರು ಲಾಯರ್ರು?” ಎಂದ ಬಾಲರಾಜು. ಆಮೇಲೆ ಸಮವಸ್ತ್ರ ಕಂಡು ಹೊರೆ ಇಳಿಸಿದ.

ಲತಾಮಣಿ ಮೊದಲ ಅಟ್ಟಣೆಯಿಂದ ಚೆನ್ನಾಗಿದ್ದ ಹುಳುಗಳನ್ನು ಆರಿಸಿ ಒಂದು ಬಿದಿರು ತಟ್ಟೆಗೆ ಹಾಕಿಕೊಂಡು ಹೊರಗೆ ತಂದಳು. ಸೊಪ್ಪಿನ ಮೇಲೆ ಅನುಮಾನ ಬಂದಾಗ ಅವ್ವ ಮಾಡುತ್ತಿದ್ದ ಪರೀಕ್ಷೆ ಇದು. ಹುಳುವಿನ ಮುಂದೆ ಒಂದು ಎಲೆ ಇಟ್ಟು ನೋಡುವುದು, ಅದಕ್ಕಿಂತ ದೊಡ್ಡ ಲ್ಯಾಬು ಹಳ್ಳಿಯಲ್ಲಿ ಇರಲಿಲ್ಲ.

ಕೆಂಚಯ್ಯನ ಹಿತ್ತಿಲ ಗಿಡದಿಂದ ಆರು ಎಲೆ ಕಿತ್ತಳು. ಒಬ್ಬೊಬ್ಬರಿಗೂ ಒಂದೊಂದು ಕೊಟ್ಟಳು.

“ಅಂಗೈಯಲ್ಲಿ ಒಂದು ಸಲ ಉಜ್ಜಿ, ಇಲ್ಲಿ ಸಾಲಾಗಿ ಇಡಿ.”

“ಇದ್ಯಾಕೆ ಮೇಡಂ?” ಎಂದ ಮುನಿಶಾಮಯ್ಯ.

“ನೀವು ಹುಳ ಸಾಕೋರಲ್ವಾ, ನಿಮಗೇ ಗೊತ್ತಾಗ್ತದೆ.”

ಗೊತ್ತಾಯಿತು. ಬಾಲರಾಜುವಿನ ಕೈ ಎಲೆಯನ್ನು ಹಿಡಿದು ಅರ್ಧದಲ್ಲಿ ನಿಂತಿತು. ಆದರೆ ಇಡದೆ ಉಳಿದರೆ ಅದೇ ಒಪ್ಪಿಕೊಂಡಂತೆ. ಒಬ್ಬರ ನಂತರ ಒಬ್ಬರು ಉಜ್ಜಿ ಇಟ್ಟರು. ಮೊದಲನೆಯದು ಬಾಲರಾಜುವಿನದು, ಎರಡನೆಯದು ಮುನಿಶಾಮಯ್ಯನದು, ಆರನೆಯದು ಯಲ್ಲಮ್ಮನದು.

ಒಬ್ಬನ ಎಲೆ ಮಾತ್ರ ಉಳಿಯುತ್ತದೆ ಎಂದು ಲತಾಮಣಿ ನಿರೀಕ್ಷಿಸಿದ್ದಳು.

ಹುಳುಗಳು ಹಸಿದಿದ್ದವು. ಮೊದಲನೇ ಎಲೆಯ ಅಂಚಿಗೆ ಬಂದು ತಲೆ ಎತ್ತಿದವು, ತಿರುಗಿದವು. ಎರಡನೆಯದರ ಹತ್ತಿರ ಹೋಗಿ ಹಿಂದೆ ಸರಿದವು. ಮೂರು, ನಾಲ್ಕು, ಐದು. ಯಾವ ಎಲೆಯನ್ನೂ ಮುಟ್ಟಲಿಲ್ಲ. ಎಲ್ಲವೂ ಸೇರಿ ಆರನೇ ಎಲೆಗೆ ಹೋಗಿ ಮುತ್ತಿದವು. ನೋಡುತ್ತಿದ್ದಂತೆ ಅದರಲ್ಲಿ ನರ ಮಾತ್ರ ಉಳಿಯಿತು.

ಮುನಿಶಾಮಯ್ಯ ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡ.

“ಮಾತು ಕೊಟ್ಟಿದ್ರಲ್ಲಾ,” ಎಂದ ಕೆಂಚಯ್ಯ. ದನಿ ಏರಿರಲಿಲ್ಲ. “ಬಾಲರಾಜು, ನಮ್ಮನೇ ಜಗಲೀಲಿ ಕುಂತ್ಕಂಡು ಕೊಟ್ಟಿದ್ಯಲ್ಲಾ.”

“ಇನ್ನೊಸಿ ಉಳ್ದಿತ್ತು ಕೆಂಚಣ್ಣ. ಆ ಮೂಲೆ ಒಂದು ತುಂಬುದ್ರೆ ಮುಗೀತಿತ್ತು.”

“ಐದು ಜನ,” ಎಂದಳು ಲತಾಮಣಿ. “ಕೆಂಚಯ್ಯ, ಸೋಮವಾರ ನೀನು ನಿಜ ಹೇಳು. ಇವರ ಹೆಸರು ಹೇಳು. ನಾನೇ ನನ್ನ ಚಾರ್ಜ್‌ಶೀಟು ತಪ್ಪು ಅಂತ ಒಪ್ಕೋತೀನಿ. ನನಗೇನಾದ್ರೂ ಆಗ್ಲಿ.”

ಬಾಲರಾಜು ಅವಳ ಕಡೆ ನೋಡಲೇ ಇಲ್ಲ. ಕೆಂಚಯ್ಯನ ಹತ್ತಿರ ಬಂದು, ಬಹಳ ಮೆತ್ತಗೆ ಕೇಳಿದ. “ನಮ್ಮನ್ ಬುಟ್ರೆ ನಿಂಗ್ ಯಾರವ್ರೆ ಕೆಂಚಣ್ಣ?”

ಬೈದಿದ್ದರೆ, ಹೆದರಿಸಿದ್ದರೆ ಕೆಂಚಯ್ಯ ತಿರುಗಿ ಬೀಳುತ್ತಿದ್ದನೋ ಏನೋ. ಅವನು ತಟ್ಟೆ ನೋಡಿದ, ಐದು ಹಸಿರೆಲೆ ನೋಡಿದ, ಆರು ಮುಖ ನೋಡಿದ. ಕೊನೆಗೆ ಲತಾಮಣಿಯ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು.

“ಹುಳ ಇನ್ನೊಂದ್ ದಪ ಮೇಯಿಸ್ಬೋದು ಮೇಡಂ,” ಎಂದ.

ಅವನು ಹೊಸಿಲ ಮುಂದಿನ ಬ್ಲೀಚಿಂಗ್ ನೀರಿನ ತಟ್ಟೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಹುಳುಮನೆಯ ಬಾಗಿಲು ಪೂರ್ತಿ ತೆರೆದ. ಅಪ್ಪ ಎದ್ದು ಬಂದರೂ ಕೇಳುತ್ತೇನೆ ಎಂದಿದ್ದ ಮಾತನ್ನು ಯಾರನ್ನೂ ಕೇಳಲಿಲ್ಲ.

“ಸೊಪ್ಪು ಬಾಡ್ತದೆ. ಒಳೀಕ್ ಬನ್ನಿ,” ಎಂದ.

ಬಾಲರಾಜು ಹೊರೆ ಎತ್ತಿಕೊಂಡ. ಅವನ ಹಿಂದೆ ಮುನಿಶಾಮಯ್ಯ, ಅವನ ಹಿಂದೆ ಉಳಿದ ಮೂವರು. ಐದು ಜೊತೆ ಕೈಗಳು ಒಳಗೆ ಹೋದವು. ಇನ್ನು ಬೆಳಗಾಗುವುದರೊಳಗೆ ಮೊದಲನೇ ಅಟ್ಟಣೆಯ ಸದ್ದೂ ನಿಲ್ಲುತ್ತದೆ ಎಂದು ಒಳಗೆ ಹೋದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕರೆದವನಿಗೂ ಗೊತ್ತಿತ್ತು.

ಅಂಗಳದಲ್ಲಿ ಲತಾಮಣಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಕೈಯಲ್ಲಿ ಚೀಟಿ, ಎದುರಿಗೆ ಸೋಮವಾರ. ಒಬ್ಬರ ಬಾಯಿಯೂ ಸಿಕ್ಕಿರಲಿಲ್ಲ. ಬೂಟು ಹಾಕಿಕೊಳ್ಳಲು ಬಗ್ಗಿದಾಗ ಪಕ್ಕದಲ್ಲಿ ಒಂದು ಸೊಪ್ಪಿನ ಹೊರೆ ಇನ್ನೂ ನೆಲದ ಮೇಲೇ ಇರುವುದು ಕಾಣಿಸಿತು. ಯಲ್ಲಮ್ಮ ಒಳಗೆ ಹೋಗಿರಲಿಲ್ಲ.

ಐವತ್ತರ ಹೆಂಗಸು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬರೀ ನರ ಉಳಿದಿದ್ದ ಆರನೇ ಎಲೆಯನ್ನೇ ನೋಡುತ್ತಿದ್ದಳು.

“ನಿನ್ನ ಕೈ ಚೆನ್ನಾಗಿದೆಯಮ್ಮ, ಮೊದಲ್ನೇ ಅಟ್ಟಣೆಗೆ ಸೊಪ್ಪು ಹಾಕಿದ್ದು ನೀನೇ ಇರ್ಬೇಕು,” ಎಂದಳು ಲತಾಮಣಿ. “ನೀನೊಬ್ಬಳು ಬಂದು ಹೇಳಿದ್ರೆ ಸಾಕು. ತಪ್ಪು ಮಾಡದೋಳು ಯಾಕೆ ಹೆದರ್ತೀಯ?”

“ಆವತ್ತಿಂದ ನಾನು ಆ ಕಡೀಕೆ ಹೋಗಿಲ್ಲ ಮೇಡಂ. ಒಂದ್ ದಿನಾನೂ ಹೋಗಿಲ್ಲ,” ಎಂದಳು ಯಲ್ಲಮ್ಮ.

“ಯಾವತ್ತಿಂದ?”

“ಟ್ಯಾಂಕರ್ ಬಂದಿದ್ ದಿನ ನಾನೂ ಮುಯ್ಯಿಗೆ ಬಂದಿದ್ದೆ. ಮಧ್ಯಾಹ್ನ ತಲೆನೋವು ಅಂತ ಹೇಳಿ ಹೊಂಟೆ. ಸಂಜೆ ತಿರ್ಗ ಬರ್ನಿಲ್ಲ. ಬಂದಿದ್ರೆ ಕೆಂಚಣ್ಣನ ಹುಳ ಸತ್ತೋಯ್ತಿತ್ತು.” ಅವಳು ಜಗಲಿಯ ಮೊಳೆಯ ಕಡೆ ನೋಡಿದಳು, ಒಂದು ಕಾಲದಲ್ಲಿ ಬೀಗದ ಕೈ ನೇತಾಡುತ್ತಿದ್ದ ಮೊಳೆ. “ಗೇಟು ತೆಗ್ದೋಳು ನಾನು.”

ಲತಾಮಣಿ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟಳು.

“ಕೆಂಚಯ್ಯನಿಗೆ ಗೊತ್ತಾ?”

ಯಲ್ಲಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಒಳಗಿನಿಂದ ಕೆಂಚಯ್ಯನ ದನಿ ಬಂತು. ಅದರಲ್ಲಿ ಎರಡು ವರ್ಷದ ಸಲುಗೆಯಿತ್ತು.

“ಯಲ್ಲವ್ವಾ, ಎಲ್ಲಿದ್ದೀ? ಐದೇ ಜನ ಅವ್ರೆ, ಒಬ್ರು ಕಮ್ಮಿ. ಬಾ, ಮುದ್ದೆ ನೀನೇ ತಿರುವ್ಬೇಕು.”

ಯಲ್ಲಮ್ಮ ಬಾಗಿಲ ಕಡೆ ನೋಡಿದಳು, ಲತಾಮಣಿಯ ಕಡೆ ನೋಡಿದಳು, ಎರಡರಲ್ಲಿ ಯಾವುದಕ್ಕೂ ಹೆಜ್ಜೆ ಎತ್ತಲಿಲ್ಲ.

“ನಾನ್ ಏನ್ ಮಾಡ್ಲಿ ಮೇಡಂ, ನೀವೇ ಹೇಳಿ,” ಎಂದಳು.